ದವಾಖಾನಿ ತಪ್ಪು ಮಾಡಿದರೆ ಯಾವ ಬಾಗಿಲು ತಟ್ಟಬೇಕು? ಗುಂಪಿನ ಪ್ರಶ್ನೆಗಳು, ವಕೀಲರ ಉತ್ತರ

ಜಮಖಂಡಿಯ ಸದಸ್ಯರು: ನಮಸ್ಕಾರ್ರಿ ಮೇಡಂ. ನಮ್ಮ ತಂಗಿಗೆ ಇಲ್ಲೇ ಒಂದು ಖಾಸಗಿ ನರ್ಸಿಂಗ್ ಹೋಮಿನಾಗ ಸಿಸೇರಿಯನ್ ಆತು. ಮನಿಗೆ ಬಂದ ಮ್ಯಾಲೆ ಹೊಟ್ಟಿನೋವು, ಜ್ವರ ಬಿಡಲೇ ಇಲ್ಲ. ಎರಡ್ಮೂರು ಸಲ ಅಲ್ಲೇ ತೋರಿಸಿದ್ವಿ. ಗ್ಯಾಸು, ಗಾಯ ಇನ್ನಾ ಹಸಿ ಐತಿ ಅಂತ ಗುಳಿಗಿ ಬರದು ಕಳಿಸಿದ್ರು. ಕಡೀಕ ಮಿರಜಕ್ಕ ಒಯ್ದ್ವಿ. ಸಿಟಿ ಸ್ಕ್ಯಾನ್ ಮಾಡಿ ಹೊಟ್ಟ್ಯಾಗ ಬಟ್ಟಿ ಉಳದೈತಿ ಅಂದ್ರು, ಮತ್ತ ಕೊಯ್ದು ತಗದ್ರು. ನರ್ಸಿಂಗ್ ಹೋಮಿನ ಬಿಲ್ಲು 38 ಸಾವಿರ, ಮಿರಜದಾಗ ಎರಡೂವರಿ ಲಕ್ಷದ ಮ್ಯಾಲೆ ಹೋತು. ಇದಾಗಿ ಎಂಟು ತಿಂಗಳು. ಕೇಸ್ ಶೀಟ್ ಕೇಳಿದ್ರ ಕೊಡವಲ್ರು. ಈಗ ಹಿರ್‍ಯಾರನ್ನ ಕಳಿಸಿ 50 ಸಾವಿರ ತಗೊಂಡು ಸಹಿ ಮಾಡ್ರಿ ಅನ್ನಾಕತ್ತಾರ. ಪೊಲೀಸ್ ಕಂಪ್ಲೇಂಟ್ ಕೊಡೂದೋ, ಏನ್ ಮಾಡೂದ್ರಿ?

ವಕೀಲರು, ಬಾಗಲಕೋಟೆ: ಮೊದಲು ತಂಗಿ ಈಗ ಹೇಗಿದ್ದಾರೆ ತಿಳಿಸಿರಿ. ಆ ಕಾಗದಕ್ಕೆ ಸಹಿ ಬ್ಯಾಡ್ರಿ. "ಇನ್ನು ಮುಂದೆ ಯಾವ ತಕರಾರೂ ಇಲ್ಲ" ಅಂತ ಅದರಲ್ಲಿ ಬರೆದಿರುತ್ತದೆ. ಆಮೇಲೆ ಗ್ರಾಹಕ ಆಯೋಗದ ಮುಂದೆ ಅವರು ಮೊದಲು ತೆಗೆಯುವುದೇ ಅದನ್ನ.

ನಿಮ್ಮಲ್ಲಿ ಹತ್ತು ಮಂದಿಗೆ ಒಂಬತ್ತು ಮಂದಿ ಮೊದಲು ಪೊಲೀಸ್ ಸ್ಟೇಷನ್ನಿಗೆ ಹೋಗುತ್ತೀರಿ. ನನ್ನ ಅಭಿಪ್ರಾಯದಲ್ಲಿ ಇಂಥ ಕೇಸಿಗೆ ಅದು ಕಡೇ ಬಾಗಿಲು. ಮೊದಲನೇದು ಜಿಲ್ಲಾ ಗ್ರಾಹಕ ಆಯೋಗ. ರೊಕ್ಕ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾಯ್ದೆಯೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟು 1995ರಲ್ಲೇ ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿಯಾಗಿದೆ. ಈಗ ನಡೆಯುತ್ತಿರುವುದು 2019ರ ಕಾಯ್ದೆ. ಅದರಲ್ಲಿ ದೂರಿನ ಗಡುವು ಎರಡು ವರ್ಷ. ಪೊಲೀಸರು, ಮೆಡಿಕಲ್ ಕೌನ್ಸಿಲ್, ಡಿಸಿ ಆಫೀಸು ಅಂತ ಅಡ್ಡಾಡುವಾಗಲೂ ಆ ಎರಡು ವರ್ಷ ನಿಲ್ಲದೆ ಓಡುತ್ತಿರುತ್ತದೆ. "ಅಲ್ಲಿಯ ತೀರ್ಮಾನ ಬರಲಿ, ಆಮೇಲೆ ಹಾಕೋಣ" ಅಂತ ಕೂತು ಗಡುವು ಕಳಕೊಂಡವರನ್ನು ಬಹಳ ನೋಡಿದ್ದೇನೆ. ತಡಕ್ಕೆ ಸರಿಯಾದ ಕಾರಣ ಇದ್ದರೆ ಆಯೋಗ ಮನ್ನಿಸಬಹುದು. ಮನ್ನಿಸಲೇಬೇಕು ಅಂತೇನಿಲ್ಲ.

ನಿಮ್ಮಂಥದೇ ಒಂದು ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು, ಶ್ರೀಖಂಡೆ ಪ್ರಕರಣ, 2010. ಪಿತ್ತಕೋಶದ ಆಪರೇಶನ್ 1993ರಲ್ಲಿ, ಒಳಗೆ ಉಳಿದ ರಕ್ತ ಒರೆಸುವ ಬಟ್ಟೆ ಸಿಕ್ಕದ್ದು 2002ರಲ್ಲಿ. ರೋಗಿ ಸ್ವತಃ ನರ್ಸು. ಇಷ್ಟು ವರ್ಷ ನೋವಿದ್ದರೂ ಆಪರೇಶನ್ ಮಾಡಿದ ಡಾಕ್ಟರ ಹತ್ತಿರ ಮತ್ತೆ ಹೋಗಿರಲಿಲ್ಲ ಅಂತ ಹೇಳಿ ದೂರು ಗಡುವು ಮೀರಿದೆ ಎಂದರು. ಹಂಗಾಗಿ ನಿಮ್ಮ ತಂಗಿ ನೋವು ಅಂತ ವಾಪಸ್ ಹೋದಾಗ ಬರೆದುಕೊಟ್ಟ ಓಪಿಡಿ ಚೀಟಿಗಳು ಬಂಗಾರ. "ಗ್ಯಾಸು" ಅಂತ ಬರೆದ ಚೀಟಿಯಂತೂ ಹರಿಯದಂಗ ಇಟ್ಟುಕೊಳ್ರಿ. ಹೇಳಿದರೂ ಸ್ಕ್ಯಾನ್ ಮಾಡಲಿಲ್ಲ ಅನ್ನೋದಕ್ಕೆ ಅದೇ ಸಾಕ್ಷಿ, ಮತ್ತು ಅದು ಎರಡನೇ ತಪ್ಪು.

ಇನ್ನು ಕೇಸ್ ಶೀಟು. 2002ರ ವೈದ್ಯಕೀಯ ನಡತೆ ನಿಯಮದ ಪ್ರಕಾರ ರೋಗಿ ಕೇಳಿದ 72 ತಾಸಿನೊಳಗೆ ದಾಖಲೆ ಕೊಡಬೇಕು, ಮೂರು ವರ್ಷ ಕಾದಿಡಬೇಕು. ಬಾಯಲ್ಲಿ ಕೇಳಿದರೆ ಕೇಳಿದಂಗಲ್ಲ. ತಂಗಿಯ ಸಹಿ ಇರುವ ಅರ್ಜಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಸ್ವೀಕೃತಿ ಸಮೇತ. ಕೊಡದಿದ್ದರೂ ನಿಮಗೆ ನಷ್ಟವಿಲ್ಲ. ದಾಖಲೆ ಬಚ್ಚಿಟ್ಟರು ಅನ್ನೋದು ಅವರ ವಿರುದ್ಧವೇ ತಿರುಗುತ್ತದೆ.

ಆದರೆ ನಿಮ್ಮ ಕೇಸಿನ ಜೀವ ಇರುವುದು ಮಿರಜದ ಕಾಗದದಲ್ಲಿ. ಎರಡನೇ ಆಪರೇಶನ್ನಿನ ಟಿಪ್ಪಣಿ, ಸಿಟಿ ಸ್ಕ್ಯಾನಿನ ಫಿಲ್ಮು ಮತ್ತು ವರದಿ, ತೆಗೆದ ಬಟ್ಟೆಯ ಫೋಟೊ, ಅದನ್ನು ಲ್ಯಾಬಿಗೆ ಕಳಿಸಿದ್ದರೆ ಅದರ ವರದಿ. ಬರೀ ಡಿಸ್ಚಾರ್ಜ್ ಕಾರ್ಡಿನಲ್ಲಿ ಒಮ್ಮೊಮ್ಮೆ "ಹೊಟ್ಟೆಯಲ್ಲಿ ಗಡ್ಡೆ" ಅಂತಷ್ಟೇ ಇರುತ್ತದೆ. ಒಬ್ಬ ಡಾಕ್ಟರು ಇನ್ನೊಬ್ಬರ ಮೇಲೆ ಬರೆಯೋಕೆ ಹಿಂಜರಿಯುತ್ತಾರೆ, ಅದು ಲೋಕದ ರೂಢಿ. ಅದಕ್ಕೇ ಪೂರ್ತಿ ಫೈಲು ಬೇಕು.

ಹೊಟ್ಟೆಯೊಳಗೆ ಬಟ್ಟೆ ಬಿಟ್ಟ ಕೇಸಿನಲ್ಲಿ ತಜ್ಞರ ಅಭಿಪ್ರಾಯಕ್ಕಾಗಿ ಊರೂರು ತಿರುಗಬೇಕಿಲ್ಲ. ಹೊಟ್ಟೆ ಹೊಲಿಯುವ ಮುಂಚೆ ಬಟ್ಟೆ ಎಣಿಸುವುದು ಆಪರೇಶನ್ ಕೋಣೆಯ ಮೂಲಪಾಠ. ವಸ್ತುವೇ ಮಾತಾಡುವಂಥ ಕೇಸಿಗೆ ತಜ್ಞರು ಕಡ್ಡಾಯವಲ್ಲ ಅಂತ 2010ರ ಕಿಶನ್ ರಾವ್ ತೀರ್ಪಿನಲ್ಲಿದೆ.

ಜಮಖಂಡಿಯ ಸದಸ್ಯರು: ತಂಗಿ ಈಗ ಅಡ್ಡಿ ಇಲ್ರಿ, ಆದ್ರ ಭಾರ ಎತ್ತಂಗಿಲ್ಲ. 20 ಲಕ್ಷ ಕೇಳಬೇಕಂದ್ರ ಕೋರ್ಟ್ ಫೀ ಎಷ್ಟಾಗತೈತ್ರಿ? ಪೊಲೀಸ್ ಬ್ಯಾಡೇ ಬ್ಯಾಡ ಅಂತೀರೇನು?

ವಕೀಲರು: ಫೀ ಸೊನ್ನೆ. ಹೊಸ ಕಾಯ್ದೆಯಲ್ಲಿ ನೀವು ಕೇಳುವ ಪರಿಹಾರ ನೋಡುವುದಿಲ್ಲ, ಆ ನರ್ಸಿಂಗ್ ಹೋಮಿಗೆ ಕೊಟ್ಟ ಹಣ ನೋಡುತ್ತಾರೆ. 5 ಲಕ್ಷದವರೆಗೆ ಕೊಟ್ಟಿದ್ದರೆ ಶುಲ್ಕವಿಲ್ಲ, 50 ಲಕ್ಷದವರೆಗೆ ಜಿಲ್ಲಾ ಆಯೋಗವೇ ಸಾಕು. ದೂರುದಾರರು ತಂಗಿ, ನೀವಲ್ಲ. ಎದುರುದಾರರಾಗಿ ಡಾಕ್ಟರು ಮತ್ತು ನರ್ಸಿಂಗ್ ಹೋಮು ಇಬ್ಬರನ್ನೂ ಹಾಕಿರಿ. ಡಾಕ್ಟರಿಗೆ ವಿಮೆ ಇದ್ದರೆ ವಿಮಾ ಕಂಪನಿಯೂ ಬರುತ್ತದೆ. ನೋಟಿಸು ತಲುಪಿದ ಮೇಲೆ ಅವರು 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನದಲ್ಲಿ ಉತ್ತರ ಹಾಕಬೇಕು. ಮೂರು ತಿಂಗಳಲ್ಲಿ ತೀರ್ಮಾನ ಅಂತ ಕಾಯ್ದೆಯಲ್ಲಿದೆ. ಅದನ್ನು ನಂಬಿ ಮದುವಿ ಮುಹೂರ್ತ ಮಾತ್ರ ಇಡಬ್ಯಾಡ್ರಿ.

ಪೊಲೀಸ್ ದೂರು ಕೊಡಬಾರದು ಅನ್ನೋದಿಲ್ಲ. ಆದರೆ 2005ರ ಜೇಕಬ್ ಮ್ಯಾಥ್ಯೂ ತೀರ್ಪಿನ ನಂತರ ಡಾಕ್ಟರ ಮೇಲೆ ಕ್ರಿಮಿನಲ್ ಕೇಸು ನಡೆಯಬೇಕಾದರೆ ಘೋರ ನಿರ್ಲಕ್ಷ್ಯ ತೋರಿಸಬೇಕು. ತನಿಖಾಧಿಕಾರಿ ಮೊದಲು ಇನ್ನೊಬ್ಬ ವೈದ್ಯರ, ಸಾಧ್ಯವಾದರೆ ಸರ್ಕಾರಿ ವೈದ್ಯರ ಅಭಿಪ್ರಾಯ ತರಿಸಬೇಕು. ಸಾವಾಗಿದ್ದರೆ ಭಾರತೀಯ ನ್ಯಾಯ ಸಂಹಿತೆಯ (ಹಳೇ ಐಪಿಸಿ ಬದಲು ಬಂದ ಕಾಯ್ದೆ) 106ನೇ ಕಲಮು, ಡಾಕ್ಟರಿಗೆ ಗರಿಷ್ಠ ಎರಡು ವರ್ಷ. ಅದರಿಂದ ಮಿರಜದ ಸಾಲ ತೀರುವುದಿಲ್ಲ.

ಬೆಳಗಾವಿಯ ಸದಸ್ಯರು, ವೈದ್ಯರು: ಮೇಡಂ, ಹೇಳೋದೆಲ್ಲ ಸರಿ. ಆದರೆ ಹಳ್ಳಿಯಲ್ಲಿ ಯಾರೋ ಸೂಜಿ ಚುಚ್ಚಿ, ಸಲೈನ್ ಹಚ್ಚಿ, ಎಲ್ಲಾ ಕೆಟ್ಟ ಮೇಲೆ ನಮ್ಮ ಹತ್ತಿರ ತರುತ್ತಾರೆ. ಸತ್ತರೆ ನಮ್ಮ ಗಾಜು ಒಡೆಯುತ್ತಾರೆ. ಅದರ ಬಗ್ಗೆಯೂ ಬರೆಯಿರಿ.

ವಕೀಲರು: ಬರೆಯುತ್ತೇನೆ ಡಾಕ್ಟ್ರೇ. ದವಾಖಾನಿಯಲ್ಲಿ ದಾಂಧಲೆ ಮಾಡಿದರೆ 2009ರ ಕರ್ನಾಟಕ ಕಾಯ್ದೆಯಲ್ಲಿ ಜಾಮೀನಿಲ್ಲದ ಅಪರಾಧ, ನಷ್ಟದ ದುಪ್ಪಟ್ಟು ಕಟ್ಟಬೇಕಾಗುತ್ತದೆ. ಒಳ್ಳೆಯ ಕೇಸು ಇದ್ದವರೂ ಗಾಜು ಒಡೆದ ದಿನ ಆರೋಪಿಗಳಾಗುತ್ತಾರೆ. ಸೂಜಿ ಚುಚ್ಚುವವರ ವಿಷಯಕ್ಕೆ 1996ರ ಪೂನಂ ವರ್ಮಾ ಪ್ರಕರಣ ಇದೆ. ಹೋಮಿಯೋಪಥಿ ಓದಿದವರು ಅಲೋಪಥಿ ಔಷಧ ಕೊಟ್ಟದ್ದೇ ನಿರ್ಲಕ್ಷ್ಯ, ಬೇರೆ ಸಾಕ್ಷಿ ಬೇಡ ಎಂದಿತು ಕೋರ್ಟು.

ನೀವು ಕೇಳದೆ ಬಿಟ್ಟ ಇನ್ನೊಂದನ್ನು ನಾನೇ ಹೇಳಿಬಿಡುತ್ತೇನೆ. ಡಾಕ್ಟರು ಗ್ರಾಹಕ ಕಾಯ್ದೆಗೆ ಬರುತ್ತಾರೆ, ವಕೀಲರು ಬರುವುದಿಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ನಿಮಗೆ ಸಿಟ್ಟು ಬಂದರೆ ನಾನು ತಪ್ಪು ಅನ್ನುವುದಿಲ್ಲ.

ಇಂಡಿಯ ಸದಸ್ಯರು: ನಮ್ಮ ಅಪ್ಪಾರನ್ನ ಸೊಲ್ಲಾಪುರಕ್ಕ ಒಯ್ದಿದ್ವಿ. ಹಾರ್ಟಿಗೆ ಸ್ಟೆಂಟ್ ಹಾಕಿದ್ರು, ಎರಡನೇ ದಿವಸ ತೀರ್ಕೊಂಡ್ರು. ಪೋಸ್ಟ್‌ಮಾರ್ಟಮ್ ಮಾಡ್ಸಲಿಲ್ಲ. ಕೇಸು ಮಹಾರಾಷ್ಟ್ರದಾಗ ಹಾಕಬೇಕೇನ್ರಿ?

ವಕೀಲರು: ಹೋಗಬೇಕಿಲ್ಲ. ದೂರುದಾರರು ವಾಸವಿರುವ ಜಿಲ್ಲೆಯಲ್ಲೇ ಹಾಕಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ, ಅಂದರೆ ವಿಜಯಪುರ. ನಮ್ಮ ಗಡಿಭಾಗದವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಡಾಕ್ಟರ ಲೈಸೆನ್ಸಿನ ಬಗ್ಗೆ ದೂರಾದರೆ ಮಾತ್ರ ಮಹಾರಾಷ್ಟ್ರದ ಮೆಡಿಕಲ್ ಕೌನ್ಸಿಲ್ಲಿಗೇ ಹೋಗಬೇಕು.

ಆದರೆ ಅಣ್ಣಾರ, ಬೇಜಾರಾಗಬ್ಯಾಡ್ರಿ, ನೀವು ಬರೆದಷ್ಟರಲ್ಲಿ ನನಗೆ ಕೇಸು ಕಾಣುತ್ತಿಲ್ಲ. ರೋಗಿ ಉಳಿಯಲಿಲ್ಲ ಅನ್ನೋದೊಂದೇ ನಿರ್ಲಕ್ಷ್ಯವಲ್ಲ. ಆ ಓದಿನ ಸಾಧಾರಣ ಡಾಕ್ಟರು ಮಾಡುತ್ತಿದ್ದದ್ದನ್ನು ಇವರು ಮಾಡಲಿಲ್ಲ ಅಂತ ತೋರಿಸಬೇಕು. ರಾತ್ರಿ ಎದೆನೋವು ಅಂದಿದ್ದರೆ ಆಗ ಯಾರು ಬಂದರು, ಇಸಿಜಿ ಎಷ್ಟು ಹೊತ್ತಿಗೆ ತೆಗೆದರು, ನರ್ಸಿನ ಚಾರ್ಟಿನಲ್ಲಿ ಬಿಪಿ ಏನು ಬರೆದಿದ್ದಾರೆ, ಇದೆಲ್ಲ ಕೇಸ್ ಶೀಟಿನಲ್ಲಿ ಸಿಗುತ್ತದೆ. ತರಿಸಿ, ಬೇರೊಬ್ಬ ಹೃದಯತಜ್ಞರಿಗೆ ತೋರಿಸಿರಿ. ಅವರು ಸರಿಯಾಗೇ ನೋಡಿಕೊಂಡಿದ್ದಾರೆ ಅಂದರೆ ವಕೀಲರಿಗೆ ಫೀ ಕೊಡಬೇಡಿ, ನನಗೂ ಸೇರಿ. ಪೋಸ್ಟ್‌ಮಾರ್ಟಮ್ ಇಲ್ಲದಿದ್ದರೆ ಕೇಸು ಬೀಳುತ್ತದೆ ಅಂತಲ್ಲ, ಬಹಳ ದುರ್ಬಲವಾಗುತ್ತದೆ.

ಮುಧೋಳದ ಸದಸ್ಯೆ: ಅಕ್ಕಾರ, ನಮ್ಮ ಅವ್ವಗ ಗಡ್ಡಿ ಪರೀಕ್ಷಾ ಅಂತ ಹೇಳಿ ಒಳಗ ಕರ್ಕೊಂಡು ಹೋಗಿ ಗರ್ಭಚೀಲಾನ ತಗದುಬಿಟ್ರು. ಇಂಗ್ಲಿಷ್ ಫಾರ್ಮಿಗೆ ಅಪ್ಪನ ಸಹಿ ಹಾಕಿಸಿಕೊಂಡಾರ. ಸಹಿ ಆದ ಮ್ಯಾಲೆ ಏನೂ ಮಾಡಾಕ ಬರಂಗಿಲ್ಲ ಅಂತಾರ, ಖರೇನ್ರಿ?

ವಕೀಲರು: ಖರೇ ಅಲ್ಲ ತಂಗಿ. 2008ರ ಸಮೀರಾ ಕೊಹ್ಲಿ ತೀರ್ಪು ಹೆಚ್ಚುಕಡಿಮೆ ನಿಮ್ಮ ಅವ್ವನ ಕಥೆಯೇ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಅಂಗ ತೆಗೆಯುವುದಕ್ಕೆ ಒಪ್ಪಿಗೆಯಲ್ಲ. ಜೀವಕ್ಕೆ ತುರ್ತು ಅಪಾಯ ಇಲ್ಲದಿದ್ದರೆ, ಬುದ್ಧಿ ಸ್ಥಿಮಿತವಿರುವ ಹೆಂಗಸಿನ ಒಪ್ಪಿಗೆ ಅವಳದೇ ಆಗಿರಬೇಕು. ಅಲ್ಲಿ ರೋಗಿಗೆ ಮಂಪರು ಇದ್ದಾಗ ತಾಯಿಯ ಒಪ್ಪಿಗೆ ಪಡೆದಿದ್ದರು, ಕೋರ್ಟು ಒಪ್ಪಲಿಲ್ಲ. ಗಂಡನ ಸಹಿಗೂ ಅದೇ ಮಾತು. ಫಾರ್ಮಿನ ಪ್ರತಿ, ತೆಗೆದ ಚೀಲದ ಲ್ಯಾಬ್ ವರದಿ ಕೇಳಿರಿ. ಲ್ಯಾಬಿಗೆ ಕಳಿಸಿಯೇ ಇಲ್ಲ ಅಂದರೆ ಅದೂ ಒಂದು ಪ್ರಶ್ನೆ. ಅವ್ವಗೆ ಎಷ್ಟು ವಯಸ್ಸು, ಯಾವಾಗ ಆಯ್ತು, ನನಗೆ ಬೇರೆಯಾಗಿ ಬರೆಯಿರಿ. ಇದನ್ನ ಗುಂಪಿನಲ್ಲಿ ಬಿಡಿಸಿ ಹೇಳೋದು ಬ್ಯಾಡ.

ಗೋಕಾಕದ ಸದಸ್ಯರು: ಸರ್ಕಾರಿ ದವಾಖಾನಿ ಆದ್ರ?

ವಕೀಲರು: ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಇರುವ ಕಡೆ ಗ್ರಾಹಕ ಆಯೋಗ ನಡೆಯುವುದಿಲ್ಲ. ಸಿವಿಲ್ ಕೋರ್ಟು ಅಥವಾ ಹೈಕೋರ್ಟಿನ ಧಾರವಾಡ ಪೀಠ. ವಿಜಯಪುರದವರಿಗೆ ಕಲಬುರಗಿ ಪೀಠ. ಸಂತಾನಹರಣ ಆಪರೇಶನ್ನಿನಲ್ಲಿ ಟವೆಲ್ ಬಿಟ್ಟದ್ದಕ್ಕೆ ಸರ್ಕಾರವೇ ಹೊಣೆ ಅಂತ 1996ರಲ್ಲಿ ಸುಪ್ರೀಂ ಕೋರ್ಟು ಮಹಾರಾಷ್ಟ್ರದ ಕೇಸಿನಲ್ಲಿ ಹೇಳಿದೆ. ಖಾಸಗಿ ದವಾಖಾನಿಯಲ್ಲಿ ಸರ್ಕಾರಿ ಯೋಜನೆಯ ಕಾರ್ಡಿನ ಮೇಲೆ ಪುಕ್ಕಟೆ ಆಗಿದ್ದರೆ ಅದು ಬೇರೆ. ಉಳಿದವರಿಂದ ಹಣ ತಗೊಳ್ಳುವ ದವಾಖಾನಿಯಾದ್ದರಿಂದ ಅಲ್ಲಿ ನೀವೂ ಗ್ರಾಹಕರೇ.

ಅಥಣಿಯ ಸದಸ್ಯರು: ಬಿಲ್ಲು ಕಟ್ಟೂ ತನಕ ಹೆಣ ಕೊಡಂಗಿಲ್ಲ ಅಂದ್ರ?

ವಕೀಲರು: ಹಂಗ ಹಿಡಿದಿಡುವಂತಿಲ್ಲ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಲ್ಲಿದೆ. ಬಾಕಿ ಆಮೇಲೆ ವಸೂಲಿ ಮಾಡಿಕೊಳ್ಳಲಿ. ಡಿಸಿ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ ಇದೆ, ಡಿಎಚ್‌ಒ (ಜಿಲ್ಲಾ ಆರೋಗ್ಯಾಧಿಕಾರಿ) ಅವರಿಗೆ ಆ ಕ್ಷಣವೇ ಫೋನು ಹಚ್ಚಿರಿ.

ಅಥಣಿಯ ಸದಸ್ಯರು: ಇನ್ನೊಂದ್ರಿ. ಒಬ್ಬ ವಕೀಲರು ಫೀ ಬ್ಯಾಡ, ಗೆದ್ದ ಮ್ಯಾಲೆ ನೂರಕ್ಕ 30 ಕೊಡ್ರಿ ಅಂದಾರ.

ವಕೀಲರು: ಪಾಲಿನ ಮೇಲೆ ಕೇಸು ಹಿಡಿಯುವುದು ನಮ್ಮ ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಬೇರೆಯವರನ್ನ ನೋಡಿರಿ. ಗ್ರಾಹಕ ಆಯೋಗದಲ್ಲಿ ವಕೀಲರಿಲ್ಲದೆ ನೀವೇ ವಾದಿಸಬಹುದು, ಆದರೆ ವೈದ್ಯಕೀಯ ಕೇಸಿನಲ್ಲಿ ಪಾಟಿ ಸವಾಲಿನ (ಎದುರಿನವರ ಸಾಕ್ಷಿಗೆ ಕೇಳುವ) ಪ್ರಶ್ನೆ ತಯಾರಿಸುವುದು ಸುಲಭವಲ್ಲ. ಹೆಂಗಸರು, ಮಕ್ಕಳು, ಪರಿಶಿಷ್ಟರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಪುಕ್ಕಟೆ ವಕೀಲರನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಕೊಡುತ್ತದೆ. ತಾಲೂಕು ಕೋರ್ಟಿನಲ್ಲೂ ಸಮಿತಿ ಇರುತ್ತದೆ. ಫೋನು 15100. ಜಮಖಂಡಿಯ ತಂಗಿಗೂ ಇದು ಅನ್ವಯ.

ಜಮಖಂಡಿಯ ಸದಸ್ಯರು: ಅರ್ಜ್ಯಾಗ ಏನು ಬರೀಬೇಕು ಹೇಳಿಬಿಡ್ರಿ ಮೇಡಂ, ನಾಳೆನ ಕಳಸ್ತೀವಿ.

ವಕೀಲರು: ಬೈಗುಳ, ಆರೋಪ ಒಂದೂ ಬ್ಯಾಡ. ಇಷ್ಟು ಸಾಕು: "ನಾನು ನಿಮ್ಮಲ್ಲಿ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಒಳರೋಗಿಯಾಗಿದ್ದೆ. ನನ್ನ ಪೂರ್ತಿ ಕೇಸ್ ಶೀಟು, ಆಪರೇಶನ್ ಟಿಪ್ಪಣಿ, ಬಟ್ಟೆ ಮತ್ತು ಉಪಕರಣ ಎಣಿಕೆಯ ದಾಖಲೆ, ಅರಿವಳಿಕೆ ಟಿಪ್ಪಣಿ, ನರ್ಸಿಂಗ್ ಚಾರ್ಟು, ಒಪ್ಪಿಗೆ ಪತ್ರ, ಬಿಲ್ಲುಗಳ ಪ್ರತಿ 72 ತಾಸಿನೊಳಗೆ ಕೊಡಿ. ನಕಲಿನ ಖರ್ಚು ಕೊಡುತ್ತೇನೆ." ಕೆಳಗೆ ತಂಗಿಯ ಸಹಿ, ತಾರೀಖು. ಒಂದು ಪ್ರತಿ ಡಿಎಚ್‌ಒ ಬಾಗಲಕೋಟೆ ಇವರಿಗೆ. ಬಟ್ಟೆ ಎಣಿಕೆಯ ದಾಖಲೆ ಅನ್ನೋ ಸಾಲನ್ನ ಮಾತ್ರ ಬಿಡಬ್ಯಾಡ್ರಿ, ಅವರು ಅದನ್ನ ಬರೆದೇ ಇಟ್ಟಿರಲಿಕ್ಕಿಲ್ಲ.