ದಿಬ್ಬದ ಮೇಲಿನ ಊರಿನ ನೀರಿನ ಲೆಕ್ಕ

“ಕೆಂಪೇಗೌಡರು ಒಂದು ದೊಡ್ಡ ನದಿ ನೋಡ್ಕೊಂಡು ಬೆಂಗಳೂರು ಕಟ್ಟಬಾರದಿತ್ತಾ?” ಅಂತ ರಾಜು ಶುರು ಹಚ್ಚಿಕೊಂಡ.

“ಕೆರೆ ಇದ್ವಲ್ಲೋ! ಧರ್ಮಾಂಬುಧಿ ಕೆರೆ ನೋಡ್ಬೇಕಾ? ಮೆಜೆಸ್ಟಿಕ್ ಬಸ್ ಹತ್ತು, ಕೆರೆ ಮಧ್ಯದಲ್ಲೇ ಇಳಿಸ್ತಾರೆ. ಸಂಪಂಗಿ ಕೆರೆ ಈಗ ಕಂಠೀರವ ಕ್ರೀಡಾಂಗಣ,” ಅಂದರು ಸೀನಣ್ಣ.

“ಕೊಳಾಯಿ ಯಾವಾಗ ಬಂತು?” ಪದ್ಮಕ್ಕ ಕೇಳಿದರು.

“1894ರ ಯೋಜನೆ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ. ಹೆಸರಘಟ್ಟದಲ್ಲಿ ಅರ್ಕಾವತಿ ನೀರು ನಿಲ್ಲಿಸಿ, ಇಟ್ಟಿಗೆ ಕಾಲುವೆಯಲ್ಲಿ ಹರಿಸಿ, ಸೋಲದೇವನಹಳ್ಳಿಯಲ್ಲಿ ಉಗಿಯಂತ್ರದಿಂದ ಎತ್ತಿ, ಮಲ್ಲೇಶ್ವರದಲ್ಲಿ ಸೋಸಿ ಊರಿಗೆ ಬಿಡೋರು. ಅದು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. ಅದೂ ಸಾಲದೆ 1974ರಲ್ಲಿ ಕಾವೇರಿ. 2024ರಲ್ಲಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್.”

“ಕಾವೇರಿ ತಾನಾಗೇ ಬರಲ್ವಾ?”

“ನಾವು ಕೂತಿರೋದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ ಅರ್ಧ ಕಿಲೋಮೀಟರ್ ಎತ್ತರ ಹತ್ತಿಸ್ಬೇಕು. ಸಾವಿರ ಲೀಟರ್‌ಗೆ ಬರೀ ಲೆಕ್ಕದಲ್ಲೇ 1.36 ಯೂನಿಟ್ ಕರೆಂಟು. ಪಂಪು, ಮೋಟಾರು ತಿನ್ನೋದೂ ಸೇರಿಸಿದ್ರೆ ಹತ್ತಿರ ಹತ್ತಿರ ಎರಡು. ಹತ್ತು ಲೀಟರ್ ಫ್ಲಶ್ ಒತ್ತಿದೆ ಅಂದ್ರೆ ಹತ್ತು ವ್ಯಾಟ್ ಬಲ್ಬು ಎರಡು ಗಂಟೆ ಉರಿಸಿದ ಹಾಗೆ.”

“ನಮ್ಮೆಜಮಾನ್ರು ಒಳಗೆ ಹೋದ್ರೆ ದೀಪಾವಳೀನೇ ಬಿಡಿ,” ಅಂದರು ಪದ್ಮಕ್ಕ.

“ಇಳಿಯೋಕೆ ಮಾತ್ರ ಖರ್ಚಿಲ್ಲ. ಪಶ್ಚಿಮದ ಕಡೆ ಬಿದ್ದ ಕೊಳಚೆ ನೀರು ವೃಷಭಾವತಿ, ಅರ್ಕಾವತಿ ದಾಟಿ ಸಂಗಮದಲ್ಲಿ ಕಾವೇರಿಗೇ ಸೇರುತ್ತೆ.”

“ಅಯ್ಯೋ, ಅದನ್ನೇ ಮತ್ತೆ ಕುಡೀತೀವಾ?”

“ಇಲ್ಲಮ್ಮ, ನಾವು ನೀರೆತ್ತೋ ಶಿವಾ ಅಣೆಕಟ್ಟು ಸಂಗಮಕ್ಕಿಂತ ಮೇಲಿದೆ. ಪೂರ್ವದ್ದು ದಕ್ಷಿಣ ಪಿನಾಕಿನಿ ಪಾಲು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರನ್ನ ಸಂಸ್ಕರಿಸಿ 2018ರಿಂದ ಕೋಲಾರದ ಕೆರೆಗಳಿಗೆ ಕಳಿಸ್ತಿದ್ದಾರೆ.”

“ತಾನೇ ಇಳಿಯೋದಾದ್ರೆ ನಮ್ಮ ಬೀದಿ ಮ್ಯಾನ್‌ಹೋಲ್ ಯಾಕೆ ಉಕ್ಕುತ್ತೆ?” ರಾಜು ಬಿಡಲಿಲ್ಲ.

ಸೀನಣ್ಣ ಕುರ್ಚಿ ಹತ್ತಿರಕ್ಕೆಳೆದುಕೊಂಡರು. ಚರಂಡಿ ಮಾತು ಬಂದರೆ ಅವರಿಗೆ ಕಾಫಿಯೂ ನೆನಪಿರುವುದಿಲ್ಲ. “ಒಳಚರಂಡಿ ಪೈಪಲ್ಲಿ ಹರಿವು ಸೆಕೆಂಡಿಗೆ 0.6 ಮೀಟರ್ ಆದ್ರೂ ಇರ್ಬೇಕು. ಕಮ್ಮಿಯಾದ್ರೆ ಮರಳು ತಳ ಹಿಡಿಯುತ್ತೆ, ಅದರ ಮೇಲೆ ಅಡುಗೆಮನೆ ಜಿಡ್ಡು ಕೂರುತ್ತೆ. ನಿಂತ ಕೊಳಚೆಯಿಂದ ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್ ಏಳುತ್ತೆ. ಅದು ಪೈಪಿನ ಒಳಮೇಲ್ಭಾಗದ ತೇವಕ್ಕಂಟಿದ್ರೆ ಅಲ್ಲಿರೋ ಬ್ಯಾಕ್ಟೀರಿಯಾ ಅದನ್ನ ಗಂಧಕಾಮ್ಲ ಮಾಡುತ್ತೆ. ಕಾಂಕ್ರೀಟ್ ಪೈಪು ಮೇಲಿಂದಲೇ ಸವೆದು ಒಂದಿನ ರಸ್ತೆ ಕುಸಿಯುತ್ತೆ. ಸುಟ್ಟ ಜೇಡಿಮಣ್ಣಿನ ಸ್ಟೋನ್‌ವೇರ್ ಪೈಪಿಗೆ ಆ ಆಮ್ಲದ ಕಾಟ ಇಲ್ಲ.”

“ಉಕ್ಕೋದು ಯಾಕೆ ಅಂದೆ!”

“ತಾರಸಿ ಮೇಲಿನ ಮಳೆನೀರು ಒಳಚರಂಡಿಗೆ ಬಿಡೋರಿಂದ. 30×40 ಅಡಿ ಸೈಟಿನ ತಾರಸಿ 111 ಚದರ ಮೀಟರ್. ಗಂಟೆಗೆ 50 ಮಿಲಿಮೀಟರ್ ಮಳೆ ಹೊಡೆದ್ರೆ ಒಂದೇ ಗಂಟೇಲಿ 5,500 ಲೀಟರ್. ನಾಲ್ಕು ಜನರ ಮನೆಯಿಂದ ಹೊರಗೆ ಹೋಗೋ ಕೊಳಚೆ ದಿನಕ್ಕೆ ಸುಮಾರು 430 ಲೀಟರ್. ಹನ್ನೆರಡು ದಿನದ ಕೊಳಚೆಗಿಂತ ಜಾಸ್ತೀನ ಒಂದೇ ಗಂಟೇಲಿ ನೂಕಿದ್ರೆ 150 ಮಿಲಿಮೀಟರ್ ಪೈಪು ಏನು ಮಾಡುತ್ತೆ? ಮುಚ್ಚಳ ಎತ್ತಿ ನಮಸ್ಕಾರ ಅನ್ನುತ್ತೆ.”

“ಕುಡಿಯೋ ನೀರೂ ಕೆಲವು ಸಲ ವಾಸನೆ ಬರುತ್ತಲ್ಲ?” ಪದ್ಮಕ್ಕನ ಅನುಮಾನ.

“ಎರಡು ದಿನಕ್ಕೊಮ್ಮೆ ನೀರು ಬಿಟ್ರೆ ನಡುವೆ ಪೈಪು ಖಾಲಿ. ಒಳಗೆ ಒತ್ತಡ ಕಮ್ಮಿಯಾದಾಗ ಸೋರೋ ಜಾಯಿಂಟ್‌ನಿಂದ ಪಕ್ಕದ ಚರಂಡಿ ನೀರನ್ನ ಒಳಕ್ಕೆ ಹೀರುತ್ತೆ. ಅದಕ್ಕೇ ಮೊದಲು ಬರೋ ನೀರು ಸಂಪಿಗೆ, ಅಂದ್ರೆ ನೆಲದಡಿ ತೊಟ್ಟಿಗೆ, ಬಿಡ್ಬೇಡ, ತಿಳಿಯಾಗೋ ತನಕ ಹೊರಗೆ ಬಿಡು. ವಾಸನೆ ಹೋಗದಿದ್ರೆ ಜಲಮಂಡಳಿಗೆ ದೂರು ಕೊಡು.”

“ಸರಿ, ತಾರಸಿ ನೀರು ಎಲ್ಲಿಗೆ ಬಿಡೋದು?”

“ಮೊದಲ ಮಳೆಯ ಕಸ ಹೊರಗೆ ಬಿಟ್ಟು, ಉಳಿದದ್ದು ಸೋಸಿ ಸಂಪಿಗೆ, ತುಂಬಿದ ಮೇಲೆ ಇಂಗುಗುಂಡಿಗೆ. ಪಂಪಿಲ್ಲದೆ, ಕರೆಂಟಿಲ್ಲದೆ 920 ಮೀಟರ್ ಎತ್ತರಕ್ಕೆ ಬರೋದು ಅದೊಂದೇ ನೀರು.”

“ಮೆಲ್ಲಗೆ ಹೇಳಿ ಸೀನಣ್ಣ,” ಅಂದ ರಾಜು, “ಅದಕ್ಕೂ ಮೀಟರ್ ಹಾಕ್ಬಿಡ್ತಾರೆ.”