ರಕ್ಷಣಾ ಖರೀದಿಯಲ್ಲಿ ಮೊದಲು ಸರಿಯಾಗಬೇಕಾದದ್ದು ಕಡತವೋ, ಬಿಡಿಭಾಗವೋ?

ಪಾಷಾಣ ನಿವಾಸಿ, ಪುಣೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹತ್ತಿರವೇ ಇರುವ ಶಸ್ತ್ರಾಸ್ತ್ರ ಸಂಶೋಧನಾ ಸಂಸ್ಥೆಯು ರೂಪಿಸಿದ ಎಟಿಎಜಿಎಸ್ ಫಿರಂಗಿಯ ಸುದ್ದಿಯನ್ನು ನಾನು ಮೊದಲಿನಿಂದಲೂ ಗಮನಿಸುತ್ತಾ ಬಂದಿದ್ದೇನೆ. 2013ರಲ್ಲಿ ಆರಂಭವಾದ ಯೋಜನೆಗೆ 307 ಫಿರಂಗಿಗಳ ಒಪ್ಪಂದವಾದದ್ದು 2025ರ ಮಾರ್ಚ್‌ನಲ್ಲಿ, ಸುಮಾರು 6,900 ಕೋಟಿ ರೂಪಾಯಿಗೆ. ಅದೇ ವರ್ಷದ ಜೂನ್ ಹೊತ್ತಿಗೆ ತುರ್ತು ಖರೀದಿಯ ಅಧಿಕಾರದಡಿ 1,981.90 ಕೋಟಿ ರೂಪಾಯಿಯ 13 ಒಪ್ಪಂದಗಳು ಮುಗಿದಿದ್ದವು. ತುರ್ತಿನಲ್ಲಿ ಓಡುವ ಕಡತ ಉಳಿದ ದಿನಗಳಲ್ಲಿ ಏಕೆ ಮಲಗುತ್ತದೆ ಎಂಬುದು ನನ್ನ ಮೊದಲ ಪ್ರಶ್ನೆ.

ಎರಡನೆಯ ಪ್ರಶ್ನೆ ಇದಕ್ಕಿಂತ ತೊಡಕಿನದು. ರಷ್ಯಾದಿಂದ 2018ರಲ್ಲಿ ಎಸ್-400 ವಾಯುರಕ್ಷಣಾ ಕ್ಷಿಪಣಿ ವ್ಯವಸ್ಥೆ ಕೊಂಡಾಗ, ರಷ್ಯಾದಿಂದ ಆಯುಧ ಕೊಳ್ಳುವವರ ಮೇಲೆ ನಿರ್ಬಂಧ ಹೇರುವ ಅಮೆರಿಕದ ಕಾಟ್ಸಾ ಕಾನೂನಿನ ಭಯವಿತ್ತು. ಉಕ್ರೇನ್ ಯುದ್ಧ ಆರಂಭವಾದ ಮೇಲೆ ಅದೇ ಎಸ್-400ರ ಪೂರೈಕೆ ತಡವಾಯಿತು. ಅಮೆರಿಕದ ಕಡೆ ತಿರುಗಿದರೆ, 2021ರ ಫೆಬ್ರವರಿಯಲ್ಲಿ 83 ತೇಜಸ್ ವಿಮಾನಗಳಿಗೆ ಸಹಿ ಬಿದ್ದರೂ ಅವುಗಳಿಗೆ ಬೇಕಾದ ಅಮೆರಿಕದ ಎಫ್-404 ಎಂಜಿನ್‌ಗಳಲ್ಲಿ ಮೊದಲನೆಯದು ಬಂದದ್ದು 2025ರ ಮಾರ್ಚ್‌ನಲ್ಲಿ. ಹೀಗಿರುವಾಗ ಪ್ರಕ್ರಿಯೆಯನ್ನು ಚುರುಕುಗೊಳಿಸುವುದೆಂದರೆ ಯಾವುದೋ ಒಂದು ದೊಡ್ಡ ರಾಷ್ಟ್ರದ ಬಾಲಕ್ಕೆ ಇನ್ನಷ್ಟು ಬೇಗ ಗಂಟು ಹಾಕಿಕೊಳ್ಳುವುದಷ್ಟೇ ಅಲ್ಲವೇ? ಈ ಕ್ಷೇತ್ರದಲ್ಲಿ ದುಡಿದವರು ದಯವಿಟ್ಟು ತಿಳಿಸಬೇಕು.

ವಾಸ್ಕೋದ ನಿವೃತ್ತ ಎಂಜಿನಿಯರ್

ಹಡಗು ಕಟ್ಟುವ ಕೆಲಸದಲ್ಲಿ ಆಯುಷ್ಯದ ಬಹುಭಾಗ ಕಳೆದವನಾದ್ದರಿಂದ ಎರಡನೆಯ ಪ್ರಶ್ನೆಯಿಂದ ಆರಂಭಿಸುತ್ತೇನೆ. ರಷ್ಯಾದ ಯಾಂತರ್ ಹಡಗುಕಟ್ಟೆಯಲ್ಲಿ ನಿರ್ಮಾಣವಾಗಿ 2024ರ ಡಿಸೆಂಬರ್‌ನಲ್ಲಿ ನಮ್ಮ ನೌಕಾಪಡೆಗೆ ಸೇರಿದ ಐಎನ್ಎಸ್ ತುಶಿಲ್ ಹಡಗಿನ ಒಡಲಲ್ಲಿರುವ ಗ್ಯಾಸ್ ಟರ್ಬೈನ್‌ಗಳು ಉಕ್ರೇನಿನವು. 2014ರ ನಂತರ ಉಕ್ರೇನ್ ಅವನ್ನು ರಷ್ಯಾಕ್ಕೆ ಕೊಡಲು ಒಪ್ಪಲಿಲ್ಲ; ಆದ್ದರಿಂದ ಭಾರತವೇ ಕೊಂಡು ರಷ್ಯಾದ ಕಟ್ಟೆಗೆ ಒಪ್ಪಿಸಿತು. ಪರಸ್ಪರ ಯುದ್ಧದಲ್ಲಿರುವ ಇಬ್ಬರ ಸರಕು ಒಂದೇ ಹಡಗಿನಲ್ಲಿ ಕೂತಿದೆ. ಇದೇ ವರ್ಗದ ತ್ರಿಪುಟ್ ಮತ್ತು ತವಸ್ಯ ಇಲ್ಲಿ ಗೋವಾ ಶಿಪ್‌ಯಾರ್ಡ್‌ನಲ್ಲಿ ನೀರಿಗಿಳಿದಿವೆ. ಮುಂದಿನ ಮೂವತ್ತು ವರ್ಷ ಆ ಟರ್ಬೈನ್‌ಗಳ ರಿಪೇರಿಗೆ ಯಾರ ಬಾಗಿಲು ತಟ್ಟಬೇಕು ಎಂಬ ಪ್ರಶ್ನೆಗೆ ಖರೀದಿಯ ಕಡತದಲ್ಲೇ ಉತ್ತರವಿರಬೇಕು.

ಆದರೆ ತಡವಾದರೂ ಚಿಂತೆಯಿಲ್ಲ ಎಂದು ನಾನು ಹೇಳಲಾರೆ. ಸಮುದ್ರದಲ್ಲಿ ಶತ್ರು ಇಟ್ಟ ಸ್ಫೋಟಕಗಳನ್ನು, ಅಂದರೆ ಮೈನ್‌ಗಳನ್ನು ತೆಗೆಯುವ ಹಡಗುಗಳ ಕಥೆಯನ್ನು ವಾಸ್ಕೋದಲ್ಲಿ ಕೂತೇ ನೋಡಿದ್ದೇವೆ. ದಕ್ಷಿಣ ಕೊರಿಯಾದ ಕಂಪನಿಯೊಂದರ ಜೊತೆಗಿನ ಮಾತುಕತೆ ಮಧ್ಯವರ್ತಿಗಳ ಆರೋಪದಿಂದ 2014ರಲ್ಲಿ ಮುರಿಯಿತು. ಮರುವರ್ಷ ಅದೇ ಕಂಪನಿಯ ತಂತ್ರಜ್ಞಾನದಿಂದ ಗೋವಾದಲ್ಲಿಯೇ 12 ಹಡಗುಗಳನ್ನು ಸುಮಾರು 32,000 ಕೋಟಿ ರೂಪಾಯಿಯಲ್ಲಿ ಕಟ್ಟುವುದೆಂದಾಯಿತು; 2018ರಲ್ಲಿ ಅದೂ ರದ್ದಾಯಿತು. 2019ರಲ್ಲಿ ನೌಕಾಪಡೆಯ ಕೊನೆಯ ಮೈನ್‌ಸ್ವೀಪರ್ ನಿವೃತ್ತವಾಯಿತು. ರಕ್ಷಣಾ ಖರೀದಿ ಮಂಡಳಿ ಮತ್ತೆ ಒಪ್ಪಿಗೆ ನೀಡಿದ್ದು 2025ರ ಜುಲೈನಲ್ಲಿ, ಅದೂ ಮೊದಲ ಹಂತದ ಒಪ್ಪಿಗೆ ಮಾತ್ರ. ಮುರಗಾಂವ್ ಬಂದರಿನ ಬಾಯಿಯಲ್ಲಿ ಯಾರಾದರೂ ನಾಲ್ಕು ಮೈನ್ ಇಟ್ಟು ಹೋದರೆ ತೆಗೆಯಲು ಏನಿದೆ ಎಂದು ಕೇಳಿದರೆ, ಕಡತವಿದೆ ಎನ್ನಬೇಕಾಗುತ್ತದೆ.

ಭೋಸರಿ ವರ್ಕ್‌ಶಾಪ್

ನಾನು ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಕೆಲಸ ಕಲಿತು, ಈಗ ಭೋಸರಿಯಲ್ಲಿ ಹನ್ನೊಂದು ಜನರ ಸಣ್ಣ ಘಟಕ ನಡೆಸುವವನು. ದೊಡ್ಡವರಿಗೆ ಬಿಡಿಭಾಗ ಮಾಡಿಕೊಡುತ್ತೇನೆ. ವಾಸ್ಕೋದ ಹಿರಿಯರು ಹಡಗಿನ ಮಾತು ಹೇಳಿದರು. ನನಗೆ ತಿಳಿದಿರುವುದು ಅಂಗೈಯಲ್ಲಿ ಹಿಡಿಯುವ ಸಾಮಾನಿನದು.

ಮಾದರಿಯನ್ನು ಸ್ವಂತ ಖರ್ಚಿನಲ್ಲಿ ಮಾಡಿ ಪರೀಕ್ಷೆಗೆ ಕೊಡಬೇಕು. ಪಾಸಾದರೂ ಆರ್ಡರ್ ಬರುತ್ತದೆಂಬ ಭರವಸೆಯಿಲ್ಲ. ನಮ್ಮ ಒಂದು ಭಾಗ ಪರೀಕ್ಷೆ ದಾಟಿ ಹತ್ತೊಂಬತ್ತು ತಿಂಗಳ ನಂತರ ಟೆಂಡರ್ ಬಂತು. ಅಷ್ಟರಲ್ಲಿ ಅದನ್ನು ಮಾಡುತ್ತಿದ್ದ ಹುಡುಗ ಚಾಕಣದ ಕಾರು ಕಾರ್ಖಾನೆ ಸೇರಿದ್ದ. ಟೆಂಡರಿನಲ್ಲಿ ಎಲ್‌1, ಅಂದರೆ ಕಡಿಮೆ ದರದವನೇ ಗೆಲ್ಲಬೇಕು. ಗೆದ್ದವನು ದರ ಇಳಿಸಿದ್ದು ಹೇಗೆಂದು ಯಾರೂ ಕೇಳಲಿಲ್ಲ. ಸಣ್ಣ ಉದ್ಯಮಗಳ ಎಂಎಸ್‌ಎಂಇ ಕಾನೂನಿನ ಪ್ರಕಾರ 45 ದಿನದೊಳಗೆ ಹಣ ಬರಬೇಕು ಎಂಬುದನ್ನು ಮಗಳಿಗೆ ಹೇಳಿದರೆ ನಗುತ್ತಾಳೆ, ಲೆಕ್ಕ ಬರೆಯುವವಳು ಅವಳೇ.

ದರ ಇಳಿಯುವ ದಾರಿ ಹೆಚ್ಚಾಗಿ ಚೀನಾದ ಮೂಲಕ ಹೋಗುತ್ತದೆ. ಚೀನಾದ ಭಾಗಗಳಿವೆ ಎಂಬ ಕಾರಣಕ್ಕೆ ಸೇನೆ 2025ರ ಆರಂಭದಲ್ಲಿ 400 ಡ್ರೋನ್‌ಗಳ ಒಪ್ಪಂದಗಳನ್ನು ರದ್ದು ಮಾಡಿದ್ದು ನೆನಪಿರಬಹುದು. ಏಪ್ರಿಲ್‌ನಲ್ಲಿ ಚೀನಾ ಅಪರೂಪದ ಲೋಹಗಳ ಮ್ಯಾಗ್ನೆಟ್ ರಫ್ತಿಗೆ ಕಡಿವಾಣ ಹಾಕಿದಾಗ ಮೋಟಾರ್ ಮಾಡುವ ನನ್ನ ಪರಿಚಯದವರು ಒಂದೊಂದು ಪೆಟ್ಟಿಗೆಯನ್ನೂ ಎಣಿಸತೊಡಗಿದರು. ದೆಹಲಿಯಲ್ಲಿ ವಿಮಾನ ಯಾರದೆಂದು ಚರ್ಚೆ ನಡೆಯುತ್ತದೆ, ಆದರೆ ಮೋಟಾರಿನೊಳಗಿನ ಮ್ಯಾಗ್ನೆಟ್ ಯಾರದೆಂದು ಟೆಂಡರಿನಲ್ಲಿ ಸರಿಯಾಗಿ ಕೇಳಿ, ಅದಕ್ಕೆ ತಕ್ಕ ದರ ಕೊಟ್ಟರೆ ನಮ್ಮಂಥವರು ಉಳಿಯುತ್ತೇವೆ.

ಡೊಂಬಿವಲಿ, ನಿವೃತ್ತ ಲೆಕ್ಕಾಧಿಕಾರಿ

ನೀವೆಲ್ಲ ಬೈಯುತ್ತಿರುವ ಕಡತದ ಆಚೆ ಬದಿಯಲ್ಲಿ ಕೂತಿದ್ದವನು ನಾನು, ಆದ್ದರಿಂದ ಸ್ವಲ್ಪ ವಕಾಲತ್ತು ವಹಿಸುತ್ತೇನೆ. ತುರ್ತು ಖರೀದಿ ಓಡುವುದು ಅದು ಚಿಕ್ಕದೆಂಬ ಕಾರಣದಿಂದ. 2020ರಲ್ಲಿ ಒಂದು ಒಪ್ಪಂದದ ಮಿತಿ 300 ಕೋಟಿ ಇತ್ತು, ಅಂಗಡಿಯಲ್ಲಿ ಸಿದ್ಧವಿರುವ ಸಾಮಾನನ್ನಷ್ಟೇ ಅದರಲ್ಲಿ ತರಬಹುದು. ಆ ಅವಸರದಲ್ಲಿಯೇ ಭೋಸರಿಯವರು ಹೇಳಿದಂಥ ಮೋಟಾರ್‌ಗಳು ಒಳನುಸುಳುತ್ತವೆ.

ದೊಡ್ಡ ಕಡತ ನಿಲ್ಲುವುದು ಭಯದಿಂದ. 1986ರಲ್ಲಿ 410 ಬೋಫೋರ್ಸ್ ಫಿರಂಗಿ ಕೊಂಡ ಮೇಲೆ ಹುಟ್ಟಿದ ಹಗರಣದಿಂದಾಗಿ, 2016ರ ನವೆಂಬರ್‌ನಲ್ಲಿ 145 ಎಂ-777 ಫಿರಂಗಿಗಳಿಗೆ ಸಹಿ ಬೀಳುವವರೆಗೆ ಮೂವತ್ತು ವರ್ಷ ಹೊರದೇಶದ 155 ಮಿಲಿಮೀಟರ್ ಫಿರಂಗಿಗೆ ಒಪ್ಪಂದವಾಗಲಿಲ್ಲ. ಅದೇ ಬೋಫೋರ್ಸ್ ಕಾರ್ಗಿಲ್‌ನಲ್ಲಿ ಮಾನ ಉಳಿಸಿತು ಎಂಬುದು ಬೇರೆ ಮಾತು. ಮುಂಬೈಯ ಹಡಗುಕಟ್ಟೆ ಮಜಗಾಂವ್ ಡಾಕ್‌ನ ಉದಾಹರಣೆ ಇನ್ನೂ ವಿಚಿತ್ರವಾದದ್ದು. ಆರು ಸ್ಕಾರ್ಪೀನ್ ಜಲಾಂತರ್ಗಾಮಿಗಳ ಒಪ್ಪಂದ 2005ರಲ್ಲಾಗಿ, ಮೊದಲನೆಯದಾದ ಕಲ್ವರಿ 2017ರ ಡಿಸೆಂಬರ್‌ನಲ್ಲಿ ನೌಕಾಪಡೆಗೆ ಸೇರಿತು. ಅದಕ್ಕೆಂದು ಆರಿಸಿದ್ದ ಹೊಸ ಟಾರ್ಪೆಡೊ, ಅಂದರೆ ನೀರಿನೊಳಗೆ ಸಾಗಿ ಹಡಗನ್ನು ಹೊಡೆಯುವ ಆಯುಧ ಮಾತ್ರ ಇರಲಿಲ್ಲ, ಏಕೆಂದರೆ ಮಾರುವ ಕಂಪನಿಯ ಮಾತೃಸಂಸ್ಥೆ ಹೆಲಿಕಾಪ್ಟರ್ ಖರೀದಿಯ ಲಂಚದ ಹಗರಣದಲ್ಲಿ ಸಿಲುಕಿದ್ದರಿಂದ ಆ ಖರೀದಿಯನ್ನೇ ಕೈಬಿಡಲಾಗಿತ್ತು. ಲಂಚ ಕೊಟ್ಟವನಿಗೆ ಭಾರಿ ದಂಡ ಹಾಕಿ, ಹಣ ವಸೂಲಿ ಮಾಡಿ, ಆಯುಧವನ್ನು ಮಾತ್ರ ತರಿಸಿಕೊಳ್ಳುವುದು ಜಾಣತನವೆಂದು ನನಗೆ ಈಗಲೂ ಅನಿಸುತ್ತದೆ.

ಒಂದು ತಪ್ಪೊಪ್ಪಿಗೆಯನ್ನೂ ಸೇರಿಸುತ್ತೇನೆ. ಎಲ್‌1 ಬಿಟ್ಟು ಹೆಚ್ಚು ದರದವನಿಂದ ಏಕೆ ಕೊಂಡಿರಿ ಎಂದು ನಾನು ಎಷ್ಟೋ ಸಲ ಆಕ್ಷೇಪಣೆ ಬರೆದಿದ್ದೇನೆ. ಮೂರು ವರ್ಷ ಏನನ್ನೂ ಏಕೆ ಕೊಳ್ಳಲಿಲ್ಲ ಎಂದು ಒಮ್ಮೆಯೂ ಬರೆಯಲಿಲ್ಲ, ಏಕೆಂದರೆ ನಮ್ಮ ನಮೂನೆಗಳಲ್ಲಿ ಅದಕ್ಕೆ ಅಂಕಣವೇ ಇರಲಿಲ್ಲ. 2002ರಿಂದ 2020ರವರೆಗೆ ಖರೀದಿ ನಿಯಮಾವಳಿಯನ್ನು ಎಷ್ಟೋ ಬಾರಿ ಪರಿಷ್ಕರಿಸಿದರು. ಸಹಿ ಹಾಕದವನನ್ನು ಪ್ರಶ್ನಿಸುವ ಪದ್ಧತಿ ಮಾತ್ರ ಬೇರೂರಲಿಲ್ಲ.

ಪಾಷಾಣ ನಿವಾಸಿ, ಪುಣೆ

ಮೂವರಿಗೂ ಕೃತಜ್ಞತೆಗಳು. ಲೆಕ್ಕಾಧಿಕಾರಿಗಳೇ, ವಿಳಂಬಕ್ಕೂ ಒಂದು ಅಂಕಣವಿದ್ದಿದ್ದರೆ ಮೈನ್ ಹಡಗಿನ ಕಡತದಲ್ಲಿ ಅದನ್ನು ಯಾರ ಹೆಸರಿನಲ್ಲಿ ತುಂಬುತ್ತಿದ್ದಿರಿ?

ಡೊಂಬಿವಲಿ, ನಿವೃತ್ತ ಲೆಕ್ಕಾಧಿಕಾರಿ

ಆ ಕಡತ ಎಷ್ಟು ಮೇಜುಗಳನ್ನು ದಾಟಿತ್ತೋ ಅಷ್ಟೂ ಹೆಸರು, ಪ್ರತಿ ಮೇಜಿನ ಮೇಲೆ ಕಳೆದ ದಿನಗಳ ಸಂಖ್ಯೆಯೊಂದಿಗೆ.