ಪಿ0700 ಜೊತೆಗೆ ಪಿ0717, ಪಿ0731: ಗೇರ್‌ಬಾಕ್ಸ್ ಇಳಿಸಲೇಬೇಕೇ?

ಪ್ರಶ್ನೆ

ನನ್ನದು 2012ರ ಪೆಟ್ರೋಲ್ ಸೆಡಾನ್. ನಾಲ್ಕು ಗೇರ್‌ಗಳ, ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಮಳೆಯಲ್ಲಿ ಹೋಗುವಾಗ ರಸ್ತೆಯ ಮೇಲೆ ನಿಂತಿದ್ದ ನೀರನ್ನು ದಾಟಬೇಕಾಯಿತು. ಅದಾದ ಕೆಲವು ದಿನಗಳಲ್ಲಿ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು. ಈಗ ಆಗಾಗ ಕಾರು ಒಂದೇ ಗೇರಿನಲ್ಲಿ ಸಿಕ್ಕಿಕೊಳ್ಳುತ್ತದೆ, ನಿಂತಲ್ಲಿಂದ ಹೊರಡಲು ಬಹಳ ಕಷ್ಟಪಡುತ್ತದೆ. ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದರೆ ಸ್ವಲ್ಪ ದೂರ ಸರಿಯಾಗಿ ಓಡುತ್ತದೆ. ಕಾರಿನ ದೋಷ ಕೋಡುಗಳನ್ನು ಓದಲು ನನ್ನ ಬಳಿಯಿರುವ ಅಗ್ಗದ ಬ್ಲೂಟೂತ್ ಅಡಾಪ್ಟರ್ ಪಿ0700 ಒಂದನ್ನೇ ತೋರಿಸಿತು. ಗ್ಯಾರೇಜಿನ ಸ್ಕ್ಯಾನರಿನಲ್ಲಿ ಪಿ0717 ಮತ್ತು ಪಿ0731 ಕೂಡ ಬಂದವು. ಒಳಗಿನ ಕ್ಲಚ್ ಪ್ಲೇಟುಗಳು ಸವೆದಿವೆ, ಗೇರ್‌ಬಾಕ್ಸ್ ಇಳಿಸಿ ಓವರ್‌ಹಾಲ್ ಮಾಡಬೇಕು ಎನ್ನುತ್ತಿದ್ದಾರೆ. ಅಷ್ಟು ದೊಡ್ಡ ಖರ್ಚಿಗೆ ಒಪ್ಪುವ ಮೊದಲು ಏನನ್ನು ಪರೀಕ್ಷಿಸಬೇಕೆಂದು ತಿಳಿದವರು ದಯವಿಟ್ಟು ತಿಳಿಸಿ.

ಉತ್ತರ

ಸರ್, ಸದ್ಯಕ್ಕೆ ಗೇರ್‌ಬಾಕ್ಸ್ ಇಳಿಸಲು ಒಪ್ಪಬೇಡಿ. ಕೋಡುಗಳನ್ನು ಅಳಿಸಲೂ ಬೇಡಿ. ಅಳಿಸಿದರೆ ದೋಷ ಕಂಡ ಕ್ಷಣದ ವೇಗ, ಉಷ್ಣತೆ ಮುಂತಾದ ದಾಖಲೆಯೂ ಅವುಗಳೊಂದಿಗೆ ಹೋಗುತ್ತದೆ.

ಪಿ0700 ಸ್ವತಃ ಯಾವ ದೋಷವನ್ನೂ ಹೇಳುವುದಿಲ್ಲ. ಗೇರ್‌ಬಾಕ್ಸಿನ ಕಂಪ್ಯೂಟರ್, ಅಂದರೆ ಟಿಸಿಎಂ, ತನ್ನಲ್ಲಿ ಕೋಡು ದಾಖಲಾಗಿದೆ, ದೀಪ ಹೊತ್ತಿಸು ಎಂದು ಎಂಜಿನ್ ಕಂಪ್ಯೂಟರಿಗೆ ಕಳಿಸಿದ ಸೂಚನೆ ಅದು. ಅಗ್ಗದ ಅಡಾಪ್ಟರುಗಳು ಎಷ್ಟೋ ಸಲ ಎಂಜಿನ್ ಕಂಪ್ಯೂಟರನ್ನು ಮಾತ್ರ ಓದುವುದರಿಂದ ನಿಮಗೆ ಅದೊಂದೇ ಕಂಡಿರಬೇಕು.

ಮುಖ್ಯವಾದುದು ಉಳಿದೆರಡು ಕೋಡುಗಳ ನಡುವಿನ ನಂಟು. ಪಿ0717 ಎಂದರೆ ಇನ್‌ಪುಟ್ ಶಾಫ್ಟಿನ (ಎಂಜಿನ್ ಕಡೆಯಿಂದ ಗೇರ್‌ಬಾಕ್ಸಿಗೆ ತಿರುಗುವಿಕೆ ತರುವ ದಂಡದ) ವೇಗ ಅಳೆಯುವ ಸೆನ್ಸರಿನಿಂದ ಸಂಕೇತ ಬರುತ್ತಿಲ್ಲ ಎಂದರ್ಥ. ಪಿ0731 ಎಂದರೆ ಮೊದಲ ಗೇರಿನ ಅನುಪಾತ ಸರಿಯಿಲ್ಲ ಎಂದರ್ಥ. ಆದರೆ ಟಿಸಿಎಂ ಗೇರನ್ನು ಕಣ್ಣಿಂದ ನೋಡುವುದಿಲ್ಲ; ಇನ್‌ಪುಟ್ ವೇಗವನ್ನು ಔಟ್‌ಪುಟ್ (ಚಕ್ರಗಳ ಕಡೆಗೆ ಹೋಗುವ ದಂಡದ) ವೇಗದಿಂದ ಭಾಗಿಸಿ ಅನುಪಾತವನ್ನು ಲೆಕ್ಕ ಹಾಕುತ್ತದೆ. ಮೊದಲ ಗೇರಿನ ಅನುಪಾತ 2.8 ಎಂದಿಟ್ಟುಕೊಳ್ಳಿ: ಔಟ್‌ಪುಟ್ ನಿಮಿಷಕ್ಕೆ 1000 ಸುತ್ತು ತಿರುಗುವಾಗ ಇನ್‌ಪುಟ್ 2800 ತೋರಿಸಬೇಕು. ಪ್ಲೇಟುಗಳು ಸವೆದು ಕ್ಲಚ್ ನಿಜವಾಗಿಯೂ ಜಾರುತ್ತಿದ್ದರೆ ಇನ್‌ಪುಟ್ ಇದಕ್ಕಿಂತ ಹೆಚ್ಚು ತಿರುಗುತ್ತದೆ, 3200, 3400 ಹೀಗೆ. ಸೆನ್ಸರ್ ಅಥವಾ ಅದರ ತಂತಿ ಸಂಕೇತವನ್ನು ಕಳೆದುಕೊಳ್ಳುತ್ತಿದ್ದರೆ ಓದು 2800ಕ್ಕಿಂತ ಕಡಿಮೆ ಬರುತ್ತದೆ, ಒಮ್ಮೊಮ್ಮೆ ಸೊನ್ನೆಗೇ ಇಳಿಯುತ್ತದೆ. ಓದು ಕಡಿಮೆಯಿದ್ದೂ ಅಲುಗಾಡದೆ ಬೇರೊಂದು ಗೇರಿನ ಅನುಪಾತಕ್ಕೆ ಸರಿಯಾಗಿ ಹೊಂದುತ್ತಿದ್ದರೆ ಮಾತ್ರ ಕಾರು ಆ ಗೇರಿನಲ್ಲಿದೆ ಎಂದು ತಿಳಿಯಬೇಕು. ಈ ಒಂದು ಹೋಲಿಕೆಯನ್ನು ಮಾಡದೆ ಪ್ಲೇಟು ಸವೆದಿದೆ ಎಂದು ಹೇಳುವುದು ನನ್ನ ದೃಷ್ಟಿಯಲ್ಲಿ ಪರೀಕ್ಷೆಯೇ ಅಲ್ಲ.

ಒಂದೇ ಗೇರಿನಲ್ಲಿ ಸಿಕ್ಕಿಕೊಳ್ಳುವುದೂ ಬಹುಮಟ್ಟಿಗೆ ರಕ್ಷಣಾ ಕ್ರಮವೇ: ವೇಗದ ಮಾಹಿತಿ ನಂಬಲಾಗದಿದ್ದರೆ ಟಿಸಿಎಂ ಸೊಲೆನಾಯ್ಡುಗಳಿಗೆ (ಗೇರ್ ಬದಲಿಸುವ ವಿದ್ಯುತ್ ಕವಾಟಗಳಿಗೆ) ವಿದ್ಯುತ್ ನಿಲ್ಲಿಸಿ ಒಂದು ನಿಗದಿತ ಗೇರನ್ನು, ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಮೂರನೆಯದನ್ನು, ಹಿಡಿದುಕೊಳ್ಳುತ್ತದೆ. ಎಂಜಿನ್ ಆರಿಸಿ ಚಾಲೂ ಮಾಡಿದಾಗ ಸರಿಹೋಗುವುದು ಅದಕ್ಕೇ. ಸವೆದ ಪ್ಲೇಟು ಕೀಲಿ ತಿರುಗಿಸಿದ ಮಾತ್ರಕ್ಕೆ ಸರಿಹೋಗುವುದಿಲ್ಲ.

ಟಿಸಿಎಂ ಓದಬಲ್ಲ ಸ್ಕ್ಯಾನರ್ ಹಾಕಿಸಿ, ಒಬ್ಬರು ಓಡಿಸುವಾಗ ಇನ್ನೊಬ್ಬರು ಎಂಜಿನ್, ಇನ್‌ಪುಟ್, ಔಟ್‌ಪುಟ್ ಈ ಮೂರೂ ವೇಗಗಳನ್ನು ಒಟ್ಟಿಗೆ ನೋಡಲಿ. ಆಮೇಲೆ ಬ್ಯಾಟರಿ ತಟ್ಟೆಯ ಸುತ್ತಮುತ್ತ ಗೇರ್‌ಬಾಕ್ಸಿಗೆ ಇಳಿಯುವ ವೈರಿಂಗನ್ನು ಹಿಂಬಾಲಿಸಿ ಸೆನ್ಸರಿನ ಕನೆಕ್ಟರ್ ಬಿಚ್ಚಿ ನೋಡಿ. ಸೆನ್ಸರಿಗೆ ಎರಡು ತಂತಿಗಳಿದ್ದರೆ ಮಲ್ಟಿಮೀಟರಿನಲ್ಲಿ ಓಮ್ ಅಳೆದು ಸರ್ವಿಸ್ ಮ್ಯಾನ್ಯುಯಲಿನ ಅಂಕಿಗೆ ಹೋಲಿಸಬಹುದು. ಮೂರು ತಂತಿಗಳಿದ್ದರೆ ಅದು ಸಾಮಾನ್ಯವಾಗಿ ಹಾಲ್ ಮಾದರಿಯದು, ಅಂದರೆ ಒಳಗೆ ಎಲೆಕ್ಟ್ರಾನಿಕ್ ಚಿಪ್ ಇರುವಂಥದು. ಅದಕ್ಕೆ ಓಮ್ ಪರೀಕ್ಷೆ ಮಾಡಬೇಡಿ, ವಿದ್ಯುತ್ ಪೂರೈಕೆ, ಅರ್ತ್ ಮತ್ತು ಸಂಕೇತ ಮೂರನ್ನೂ ಬೇರೆಬೇರೆಯಾಗಿ ನೋಡಬೇಕು. ಬ್ಯಾಟರಿ ದುರ್ಬಲವಾಗಿದ್ದರೂ ಸುಳ್ಳು ಕೋಡುಗಳು ಬರುತ್ತವೆ, ಆದ್ದರಿಂದ ಎಂಜಿನ್ ಆರಿಸಿ ಬಹಳ ಹೊತ್ತಾದ ಮೇಲೆ 12.6 ವೋಲ್ಟ್ ಆಸುಪಾಸು ಇದೆಯೇ ಎಂದೂ ಖಚಿತಪಡಿಸಿಕೊಳ್ಳಿ. ಗೇರ್‌ಬಾಕ್ಸಿಗೆ ಡಿಪ್‌ಸ್ಟಿಕ್ (ಎಣ್ಣೆ ಅಳೆಯುವ ಕಡ್ಡಿ) ಇದ್ದರೆ ಅದರ ಎಣ್ಣೆಯ ಮಟ್ಟ, ಬಣ್ಣ, ವಾಸನೆ ನೋಡಿ ತಿಳಿಸಿ. ನೀರು ದಾಟಿದ ಕಾರಾದ್ದರಿಂದ ಎಣ್ಣೆ ಹಾಲು ಬೆರೆತಂತೆ ಕಾಣುತ್ತಿದ್ದರೆ ಓಡಿಸಲೇಬೇಡಿ.

ಪ್ರಶ್ನೆ ಕೇಳಿದವರಿಂದ

ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದಗಳು ಸರ್. ಎಣ್ಣೆ ಕೆಂಪಾಗಿಯೇ ಇದೆ, ಸುಟ್ಟ ವಾಸನೆಯಿಲ್ಲ, ಮಟ್ಟ ಸರಿಯಿದೆ. ಓಡಿಸುತ್ತಾ ನೋಡಿದಾಗ ರಸ್ತೆಯ ಹಳ್ಳಕ್ಕೆ ಚಕ್ರ ಇಳಿದೊಡನೆ ಇನ್‌ಪುಟ್ ವೇಗ ಸೊನ್ನೆಗೆ ಬಿದ್ದು ಮತ್ತೆ ಏಳುತ್ತಿತ್ತು, ಉಳಿದೆರಡೂ ಸ್ಥಿರವಾಗಿದ್ದವು. ಕನೆಕ್ಟರಿನ ರಬ್ಬರ್ ಸೀಲ್ ಒಂದು ಮೂಲೆಯಲ್ಲಿ ಮಡಚಿಕೊಂಡಿತ್ತು. ಒಳಗೆ ತೇವ ಇತ್ತು, ಮಧ್ಯದ ಪಿನ್ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಸೆನ್ಸರನ್ನೂ ಈಗಲೇ ಬದಲಾಯಿಸಿಬಿಡಲೇ?

ಉತ್ತರ

ಇನ್ನೂ ಬೇಡ. ಮೊದಲು ಕೋಡುಗಳನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಟ್ಟು, ಕಾಂಟ್ಯಾಕ್ಟ್ ಕ್ಲೀನರಿನಿಂದ ಎರಡೂ ಕಡೆಯ ಪಿನ್‌ಗಳನ್ನು ತೊಳೆದು ಪೂರ್ತಿ ಒಣಗಿಸಿ. ಮರಳು ಕಾಗದದಿಂದ ಉಜ್ಜಿದರೆ ಪಿನ್ನಿನ ಲೇಪನ ಹೋಗಿ ಕಿಲುಬು ಬೇಗ ಮರಳುತ್ತದೆ. ಕಿಲುಬು ಪಿನ್ನನ್ನೇ ತಿಂದಿದ್ದರೆ, ಇಲ್ಲವೇ ಪಿನ್ ಸಡಿಲವಾಗಿದ್ದರೆ, ಕನೆಕ್ಟರನ್ನೇ ಬದಲಿಸುವುದು ಒಳ್ಳೆಯದು. ಸೀಲ್ ಹೊಸದು ಹಾಕಿ. ಹಳ್ಳ ಸಿಕ್ಕಾಗಲೇ ಸಂಕೇತ ತಪ್ಪುತ್ತಿದೆ ಎಂದಿರಿ, ಹಾಗಾಗಿ ಟಿಸಿಎಂ ಕಡೆಯ ಕನೆಕ್ಟರಿನವರೆಗೆ ಪ್ರತಿ ತಂತಿಯನ್ನೂ ಅಲ್ಲಾಡಿಸುತ್ತಾ ಸಂಪರ್ಕ ತಪ್ಪುತ್ತದೆಯೇ ಎಂದು ಮೀಟರಿನಲ್ಲಿ ನೋಡಿ. ಈ ಪರೀಕ್ಷೆಗೆ ಎರಡೂ ತುದಿಯ ಕನೆಕ್ಟರುಗಳು ಬಿಚ್ಚಿರಲೇಬೇಕು.

ಇಷ್ಟಾದ ಮೇಲೆ ಕೋಡುಗಳು ಇನ್ನೂ ಉಳಿದಿದ್ದರೆ ಅಳಿಸಿ, ಅದೇ ರಸ್ತೆಯಲ್ಲಿ ಓಡಿಸಿ. ತಂತಿಗಳು ಸರಿಯಿದ್ದೂ ಪಿ0717 ಮರಳಿದರೆ ಆಗ ಸೆನ್ಸರ್ ಬದಲಿಸಿ. ಇನ್‌ಪುಟ್ ಓದು ಸ್ಥಿರವಾಗಿದ್ದು ಪಿ0731 ಒಂದೇ ಬಂದರೆ ಗೇರ್‌ಬಾಕ್ಸಿನ ಎಣ್ಣೆ ತಟ್ಟೆ ಇಳಿಸಿ ಅದರೊಳಗಿನ ಅಯಸ್ಕಾಂತವನ್ನು ನೋಡಬೇಕು: ನುಣುಪಾದ ಬೂದು ಬಣ್ಣದ ಲೇಪ ಸಹಜವಾದದ್ದು, ಬೆರಳಿಗೆ ಚುಚ್ಚುವ ಲೋಹದ ಚೂರುಗಳು ಸಿಕ್ಕರೆ ಗ್ಯಾರೇಜಿನವರ ಮಾತಿಗೆ ಆಧಾರವಿದೆ.